ಕೆಂಗೇರಿಯ ಮೂರು ವರ್ಷ: ಬೀಡ್ ಗ್ರಿಫಿತ್ಸರ ಆತ್ಮಕಥೆಯನ್ನು ಓದುತ್ತಾ

ನೆಲಮಂಗಲದ ಹೆದ್ದಾರಿಯ ಬದಿಯಲ್ಲಾಗಲಿ, ದೇವನಹಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಾಗಲಿ ಇಂದು ಧ್ಯಾನ ಶಿಬಿರಗಳ ಫಲಕಗಳಿಗೆ ಕೊರತೆಯಿಲ್ಲ. ಮೂರು ದಿನಗಳಲ್ಲಿ ಮನಶ್ಶಾಂತಿ, ಏಳು ದಿನಗಳಲ್ಲಿ ಅಂತರಂಗದ ಬೆಳಕು ಎಂಬ ಭರವಸೆಗಳು. ಈಚೆಗೆ ದೊಡ್ಡಬಳ್ಳಾಪುರದ ಕಡೆಯ ಒಬ್ಬ ತಾಯಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನನ್ನನ್ನು ತಡೆದು ಕೇಳಿದರು: "ಅಣ್ಣಾ, ನನ್ನ ಮಗ ಪೂಜೆಗೆ ಬರೋದು ಬಿಟ್ಟು ಅಲ್ಲೆಲ್ಲೋ ಧ್ಯಾನಕ್ಕೆ ಹೋಗ್ತಾನೆ. ಕೈತಪ್ಪಿ ಹೋದ ಅಂದ್ಕೊಳ್ಲಾ?" ನನಗೆ ತಕ್ಷಣ ಉತ್ತರ ತೋಚಲಿಲ್ಲ. ಮನೆಗೆ ಬಂದು, ಬಹಳ ದಿನಗಳಿಂದ ಕಪಾಟಿನಲ್ಲಿದ್ದ ಒಂದು ಹಳೆಯ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ.

ಅದು 1954ರಲ್ಲಿ ಪ್ರಕಟವಾದ 'ದಿ ಗೋಲ್ಡನ್ ಸ್ಟ್ರಿಂಗ್', ಅಂದರೆ ಹೊನ್ನಿನ ದಾರ. ಇಂಗ್ಲಿಷ್ ಕವಿ ವಿಲಿಯಂ ಬ್ಲೇಕನಿಂದ ಪಡೆದ ಹೆಸರಿದು. ಬರೆದವರು ಬೆನೆಡಿಕ್ಟ್ ಸಭೆಯ ಸಂನ್ಯಾಸಿ ಬೀಡ್ ಗ್ರಿಫಿತ್ಸ್. 1906ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1993ರಲ್ಲಿ ತಮಿಳುನಾಡಿನ ಕಾವೇರಿ ದಡದ ಶಾಂತಿವನ ಆಶ್ರಮದಲ್ಲಿ ತೀರಿಕೊಂಡರು. ಇವೆರಡರ ನಡುವೆ ನಮ್ಮ ನೆಲಕ್ಕೆ ಸಂಬಂಧಿಸಿದ ಮೂರು ವರ್ಷಗಳಿವೆ. 1955ರಿಂದ 1958ರವರೆಗೆ ಅವರು ಕೆಂಗೇರಿಯಲ್ಲಿದ್ದರು. ಇಂದು ಮೆಟ್ರೊ ರೈಲು ತಲುಪುವ ಕೆಂಗೇರಿ ಆಗ ಹಳ್ಳಿ. 1986ರಲ್ಲಿ ಜಿಲ್ಲೆ ಇಬ್ಭಾಗವಾಗುವವರೆಗೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲಗಳಂತೆ ಅದೂ ಒಂದೇ ಬೆಂಗಳೂರು ಜಿಲ್ಲೆಗೆ ಸೇರಿತ್ತು.

ಪುಸ್ತಕ ಆರಂಭವಾಗುವುದು ಚರ್ಚಿನಲ್ಲಲ್ಲ. ಶಾಲಾದಿನಗಳ ಕೊನೆಯ ಭಾಗದಲ್ಲಿ ಒಂದು ಸಂಜೆ ಒಬ್ಬನೇ ನಡೆದು ಹೋಗುತ್ತಿದ್ದ ಹುಡುಗನಿಗೆ ಹಕ್ಕಿಗಳ ದನಿ ಮೊದಲ ಬಾರಿ ಕೇಳಿದಂತಾಗುತ್ತದೆ. ಹೂಬಿಟ್ಟ ಪೊದೆಗಳನ್ನು ಮೊದಲ ಬಾರಿ ಕಂಡಂತಾಗುತ್ತದೆ. ಅಂದಿನಿಂದ ಪ್ರಕೃತಿಯೇ ಅವನ ದೇವರು, ಕವಿಗಳೇ ಪ್ರವಾದಿಗಳು. ಆಕ್ಸ್‌ಫರ್ಡಿನಲ್ಲಿ ಅವನಿಗೆ ಪಾಠ ಹೇಳಿದವರು ಸಿ. ಎಸ್. ಲೂಯಿಸ್. ಆಗ ಗುರುಶಿಷ್ಯರಿಬ್ಬರೂ ಕ್ರೈಸ್ತ ವಿಶ್ವಾಸದಿಂದ ದೂರವಿದ್ದರು, ಮುಂದೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಅತ್ತ ನಡೆದರು. ಲೂಯಿಸ್ ತಮ್ಮ ಆತ್ಮಕಥೆಯನ್ನು ಅರ್ಪಿಸಿರುವುದು ಈ ಶಿಷ್ಯನಿಗೇ.

1930ರಲ್ಲಿ ಗ್ರಿಫಿತ್ಸ್ ಇಬ್ಬರು ಗೆಳೆಯರೊಡನೆ ಕಾಟ್ಸ್‌ವೋಲ್ಡ್ ಬೆಟ್ಟಸೀಮೆಯ ಒಂದು ಹಳ್ಳಿಮನೆಗೆ ಹೋಗಿ, ಯಂತ್ರನಾಗರಿಕತೆಯನ್ನು ಬಿಟ್ಟು, ಹಸು ಕರೆದು ಬದುಕಲು ಹೊರಟರು. ಪ್ರಯೋಗ ಒಂದು ವರ್ಷವೂ ನಿಲ್ಲಲಿಲ್ಲ. ಆದರೆ ಅಲ್ಲಿ ಬೈಬಲ್ ಓದುವ ರೂಢಿ ಬಿತ್ತು. ಮುಂದೆ ಲಂಡನ್ನಿನಲ್ಲಿ ಒಂದು ಇರುಳಿಡೀ ಮೊಣಕಾಲೂರಿ ಪ್ರಾರ್ಥಿಸಿದ ಪ್ರಸಂಗ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಅಲ್ಲಿದೆ. ತಾನು ನೆಚ್ಚಿಕೊಂಡ ಬುದ್ಧಿ ಒಂದು ಕಡೆ ಎಳೆಯುತ್ತದೆ, ಶರಣಾಗು ಎಂಬ ಒಳಗಿನ ಒತ್ತಾಯ ಇನ್ನೊಂದು ಕಡೆ. ಆ ಹೆಣಗಾಟವನ್ನು ಅವರು ಅಲಂಕರಿಸದೆ ಬರೆದಿದ್ದಾರೆ. ದಾರಿ ಸಿಗುವುದೆಂದರೆ ಹಿತವಾದ ಅನುಭವ ಎಂದು ತಿಳಿದ ಶಿಬಿರಾರ್ಥಿಗಳು ಈ ಪುಟಗಳನ್ನು ಓದಬೇಕು.

1932ರ ಕ್ರಿಸ್ತಜಯಂತಿಯ ಮುನ್ನಾದಿನ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಮರುತಿಂಗಳೇ ಪ್ರಿಂಕ್‌ನ್ಯಾಷ್ ಮಠವನ್ನು ಪ್ರವೇಶಿಸಿದರು. ಇಲ್ಲಿಂದ ಮುಂದೆ ಪುಸ್ತಕದ ಬಿಗಿ ಸಡಿಲಗೊಳ್ಳುತ್ತದೆ. ಕಾರ್ಡಿನಲ್ ನ್ಯೂಮನ್ನರ ವಾದ, ತತ್ವಶಾಸ್ತ್ರ, ಧರ್ಮಸಭೆಯ ಇತಿಹಾಸ, ಎಲ್ಲವೂ ಸರಿಯೇ. ಆದರೆ ಮೊದಲ ಅಧ್ಯಾಯಗಳಲ್ಲಿ ನಮ್ಮ ಪಕ್ಕದಲ್ಲಿ ಕುಳಿತು ಮಾತನಾಡುತ್ತಿದ್ದವರು ಈಗ ವೇದಿಕೆ ಹತ್ತಿ ಉಪನ್ಯಾಸ ಕೊಡುತ್ತಾರೆ. ಮನೆ ಸೇರಿದವನ ನಿಶ್ಚಿಂತೆ ದನಿಯಲ್ಲಿ ತುಂಬಿದೆ. ದಾರದ ಉಂಡೆ ಪೂರ್ತಿ ಸುತ್ತಿಕೊಂಡಿತು ಎಂಬ ಭಾವದಲ್ಲಿ ಪುಸ್ತಕ ಮುಗಿಯುತ್ತದೆ.

ಅದು ಮುಗಿದಿರಲಿಲ್ಲ. ಪುಸ್ತಕ ಹೊರಬಂದ ಮರುವರ್ಷವೇ ಗ್ರಿಫಿತ್ಸ್ ಭಾರತೀಯ ಸಂನ್ಯಾಸಿ ಬೆನೆಡಿಕ್ಟ್ ಆಲಪಾಟ್ ಅವರೊಡನೆ ಭಾರತಕ್ಕೆ ಬಂದು, ಕೆಂಗೇರಿಯಲ್ಲಿ ಮಠ ಕಟ್ಟಲು ತೊಡಗಿದರು. ಮಠ ಬೇರೂರಲಿಲ್ಲ. ಆ ನೆಲೆ ತೀರ ಪಾಶ್ಚಾತ್ಯವಾಗಿಯೇ ಉಳಿಯಿತು ಎಂಬುದು ಅವರದೇ ತೀರ್ಪು. ಇಂಗ್ಲೆಂಡಿನ ಮಠದಲ್ಲಿ ಮರದ ಮೇಜು, ಕುರ್ಚಿ, ಚಮಚಗಳಿಗೆ ಬಡತನವೆಂಬ ಹೆಸರಿರಬಹುದು. ನೆಲದ ಮೇಲೆ ಕುಳಿತು ಮುದ್ದೆ ಉಣ್ಣುವವರ ಕಣ್ಣಿಗೆ ಅದು ಸಾಹುಕಾರರ ಮನೆ. ಹತ್ತಿರದ ಬಡವನಿಗೆ ಹೊರಗೇ ನಿಲ್ಲಬೇಕೆನಿಸುವ ಆಶ್ರಮಗಳನ್ನು ನಾವು ಇಂದಿಗೂ ಕಾಣುತ್ತೇವೆ.

1982ರಲ್ಲಿ ಪ್ರಕಟವಾದ 'ದಿ ಮ್ಯಾರೇಜ್ ಆಫ್ ಈಸ್ಟ್ ಅಂಡ್ ವೆಸ್ಟ್' ಎಂಬ ಗ್ರಂಥದಲ್ಲಿ ಅವರು ಭಾರತಕ್ಕೆ ಬಂದ ಬಗೆಯನ್ನು ನೆನೆಯುತ್ತಾರೆ. ಹಳ್ಳಿಗರ ಚೆಲುವು, ಸಹಜತೆ ಅವರನ್ನು ಬೆರಗುಗೊಳಿಸಿತ್ತು. ಆದರೂ ಕೆಂಗೇರಿಗೆ ಅಲ್ಲಿ ದೊರೆತಿರುವ ಜಾಗ ಸಾಲದು. ಪಶ್ಚಿಮವೆಂದರೆ ತರ್ಕ, ಪೂರ್ವವೆಂದರೆ ಅಂತರ್ಬೋಧೆ ಎಂಬ ಅವರ ವಿಂಗಡಣೆಯನ್ನೂ ನಾನು ಒಪ್ಪಲಾರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ನೂಲಿನ ದರ, ಸಾಲದ ಬಡ್ಡಿ, ಕರೆಂಟಿನ ವೇಳೆಗಳನ್ನು ಒಂದೇ ಉಸಿರಿನಲ್ಲಿ ಲೆಕ್ಕ ಹಾಕುವ ನೇಕಾರನ ತರ್ಕ ಆಕ್ಸ್‌ಫರ್ಡಿನದಕ್ಕಿಂತ ಕಡಿಮೆಯೇನಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ದಲಿತ ಕ್ರೈಸ್ತ ಚಿಂತಕರು ಎತ್ತಿದ್ದಾರೆ: ಆಶ್ರಮಗಳು ಭಾರತವೆಂದು ಅಪ್ಪಿಕೊಂಡದ್ದು ಉಪನಿಷತ್ತುಗಳ ಭಾರತವನ್ನು, ಆ ವಿದ್ಯೆಯಿಂದ ಹೊರಗಿಡಲ್ಪಟ್ಟವರ ಭಾರತವನ್ನಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಆ ಹೊರಗಿನವರೇ. ಗ್ರಿಫಿತ್ಸರ ಬರಹದಲ್ಲಿ ಈ ಪ್ರಶ್ನೆಗೆ ತೃಪ್ತಿಕರ ಉತ್ತರ ನನಗೆ ಸಿಕ್ಕಿಲ್ಲ.

ಹಾಗಿದ್ದರೂ ಅವರನ್ನು ನಾನು ಬದಿಗಿಡಲಾರೆ. ಕಾರಣ ಕೆಂಗೇರಿಯ ನಂತರದ ನಡೆ. ಐವತ್ತು ದಾಟಿದ, ಹೆಸರಾಂತ ಗ್ರಂಥ ಬರೆದ, ಇಂಗ್ಲೆಂಡಿನಲ್ಲಿ ಮಠದ ಹಿರಿಯರಾಗಿದ್ದ ವ್ಯಕ್ತಿ 1958ರಲ್ಲಿ ಕೇರಳದ ಕುರಿಸುಮಲೆಗೆ ಹೋಗಿ, ಬೆಲ್ಜಿಯಂ ಮೂಲದ ಫ್ರಾನ್ಸಿಸ್ ಆಚಾರ್ಯರೊಡನೆ ಎಲ್ಲವನ್ನೂ ಮೊದಲಿನಿಂದ ಕಲಿಯಲು ಕುಳಿತರು. ಸಿರಿಯಾಕ್ ಪೂಜಾವಿಧಿ, ಕಾವಿಬಟ್ಟೆ, ನೆಲದ ಮೇಲಿನ ಊಟ. ಆಶ್ರಮದ ಜೀವನೋಪಾಯ ಹೈನುಗಾರಿಕೆ! ಇಪ್ಪತ್ಮೂರರ ಹರೆಯದಲ್ಲಿ ಕೈಬಿಟ್ಟ ಹಸುಗಳು ಮತ್ತೆ ಎದುರಾದವು. ಹತ್ತು ವರ್ಷಗಳ ನಂತರ, 1968ರಲ್ಲಿ, ಶಾಂತಿವನಕ್ಕೆ ಬಂದರು. 1950ರಲ್ಲಿ ಮೊನ್ಶಾನೆಂ ಮತ್ತು ಅಭಿಷಿಕ್ತಾನಂದರು ಸ್ಥಾಪಿಸಿದ್ದ ಆಶ್ರಮ ಅದು. ಅಲ್ಲಿನ ಗುಡಿಸಲಿನ ಬಾಗಿಲಿಗೆ ಯಾರು ಬೇಕಾದರೂ ಬರಬಹುದಿತ್ತು.

ನಮ್ಮಲ್ಲಿ ಗುರು ಎಂದರೆ ಮೊದಲು ನೆನಪಾಗುವುದು ಬಲಿಪೂಜೆ ಅರ್ಪಿಸುವವರು. ಆ ಅರ್ಥದಲ್ಲಿ ಗ್ರಿಫಿತ್ಸ್ ಗುರುದೀಕ್ಷೆ ಪಡೆದದ್ದು 1940ರಲ್ಲಿ. ನಾಡಿನ ಇನ್ನೊಂದು ಅರ್ಥದಲ್ಲಿ, ಅಂದರೆ ಒಳಗಿನ ಬೆಳವಣಿಗೆಗೆ ಕೈಹಿಡಿಯುವವರು ಎಂಬರ್ಥದಲ್ಲಿ, ಅವರನ್ನು ಜನ ಹುಡುಕಿಕೊಂಡು ಬಂದದ್ದು ಶಾಂತಿವನದಲ್ಲಿ, ಎರಡು ಮೂರು ದಶಕಗಳ ನಂತರ. ಈ ಎರಡು ಗುರುತನಗಳ ನಡುವೆ ಕೆಂಗೇರಿಯ ಸೋಲು ನಿಂತಿದೆ. ಆ ಸೋಲಿಲ್ಲದಿದ್ದರೆ ಅವರು ಹೊನ್ನಿನ ದಾರದ ಕೊನೆಯ ಅಧ್ಯಾಯಗಳ ಉಪನ್ಯಾಸಕರಾಗಿಯೇ ಉಳಿಯುತ್ತಿದ್ದರೇನೋ ಎಂಬುದು ನನ್ನ ಗುಮಾನಿ. ನಮ್ಮ ಪೂರ್ವಕ್ಕಿರುವ ಕೈವಾರದ ತಾತಯ್ಯನವರನ್ನು ನೆನೆಯಿರಿ. ಬಳೆ ಮಾರುತ್ತ ಊರೂರು ತಿರುಗಿದವರು ತತ್ವಪದಗಳ ಗುರುವಾದರು. ಜನ ಅವರ ಬಳೆಯ ಮಲಾರವನ್ನು ಇಂದಿಗೂ ಮರೆತಿಲ್ಲ, ಅವರೂ ಅದನ್ನು ಮುಚ್ಚಿಡಲಿಲ್ಲ.

ಶಾಂತಿವನದಲ್ಲೂ ಎಲ್ಲವೂ ಸುಗಮವಾಗಿರಲಿಲ್ಲ. ಕಾವಿಯುಟ್ಟದ್ದು ಮತಾಂತರದ ವೇಷವೆಂದು ಕೆಲವು ಹಿಂದೂ ವಿಮರ್ಶಕರು ದೂರಿದರು; ಇದು ಬೆರಕೆಯೆಂದು ಕೆಲವು ಕ್ರೈಸ್ತರು ಸಿಡುಕಿದರು. ಅವರ ಬಳಿ ಬಂದವರಲ್ಲಿ ವಿದೇಶಿಯರು ಬಹಳ. 1990ರಲ್ಲಿ ಪಾರ್ಶ್ವವಾಯು ಬಡಿದಾಗ ಅವರಿಗೆ ಎಂಬತ್ತಮೂರು. ಚೇತರಿಸಿಕೊಂಡ ಮೇಲೆ, ತಾಯಿಯ ಪ್ರೀತಿಯಂಥದೊಂದು ತನ್ನನ್ನು ಆವರಿಸಿತೆಂದೂ, ತಲೆಯಿಂದ ಬದುಕಿದ್ದವನು ಈಗ ಎದೆಯಿಂದ ಬದುಕಲು ಕಲಿಯುತ್ತಿದ್ದೇನೆಂಬರ್ಥದಲ್ಲೂ ಹೇಳಿಕೊಂಡರು. ಆ ವಯಸ್ಸಿನಲ್ಲಿ ಆ ಮಾತನ್ನಾಡುವ ಧೈರ್ಯ ಎಷ್ಟು ಮಂದಿ ಬೋಧಕರಿಗಿದೆ?

ಮುಂದಿನ ಭಾನುವಾರ ಆ ತಾಯಿಯನ್ನು ಕಂಡಾಗ, "ಶಿಬಿರದ ಗುರುಗಳು ತಮಗೆ ದಾರಿ ತಪ್ಪಿದ್ದನ್ನು ಎಂದಾದರೂ ಹೇಳಿದ್ದಾರೆಯೇ ಎಂದು ಮಗನನ್ನು ಕೇಳಿ ನೋಡಿ ಅಮ್ಮಾ" ಎಂದೆ. ಅವರು ಪೂರ್ತಿ ಸಮಾಧಾನಗೊಂಡಂತೆ ಕಾಣಲಿಲ್ಲ. ಅವರಿಗೆ ಇಂಗ್ಲಿಷ್ ಬಾರದು, ಮಗನಿಗೆ ಬರುತ್ತದೆ. ಸಂಜೆ ಅವರ ಮನೆಗೆ ಹೋಗಿ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಆ ಲಂಡನ್ನಿನ ರಾತ್ರಿಯ ಪುಟಗಳನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಪ್ಪಾ ಎಂದು ಕೇಳಿಕೊಂಡು ಬಂದೆ.