ದಾಯವೋ, ವ್ಯಾಖ್ಯಾನವೋ? ಗಣಕಶಾಸ್ತ್ರದ ಒಂದು ಪದವನ್ನು ಕುರಿತು

ಗಣಕಶಾಸ್ತ್ರದ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯಲ್ಲಿ ಒಂದು ವರ್ಗದ ವಿಧಾನಗಳು ಅದರ ಉಪವರ್ಗಕ್ಕೂ ಸಲ್ಲುವುದನ್ನು ‘ಇನ್‌ಹೆರಿಟೆನ್ಸ್’ ಎನ್ನುವರು. ತಂದೆಯ ಆಸ್ತಿ ಮಗನಿಗೆ ಬರುವಂತೆ ಎಂಬುದು ತರಗತಿಗಳಲ್ಲಿ ಅದಕ್ಕೆ ರೂಢಿಯಾದ ದೃಷ್ಟಾಂತ. ಹೊಲದ ಪಾಲಿನ ವ್ಯಾಜ್ಯವನ್ನು ಮನೆಯಲ್ಲಿಯೇ ಕಂಡಿರುವ ಆಳಂದದ ವಿದ್ಯಾರ್ಥಿಗೆ ಇದು ಬೇಗನೆ ಹಿಡಿಸುವುದು. ಅಷ್ಟೇ ಬೇಗನೆ ದಾರಿ ತಪ್ಪಿಸುವುದು.

ದಾಯವೆಂದರೇನೆಂಬ ಪ್ರಶ್ನೆಯನ್ನು ನಮ್ಮ ನೆರೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ವಿಚಾರಿಸಿದನು. ಅವನ ‘ಮಿತಾಕ್ಷರ’ದಂತೆ ಪಿತೃಪಿತಾಮಹರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟು, ವಂಗದ ಜೀಮೂತವಾಹನನ ‘ದಾಯಭಾಗ’ದಂತೆ ತಂದೆಯ ಸ್ವತ್ವವು ಅಳಿದ ಮೇಲೆಯೇ ಉಂಟು. ಮೂಲವರ್ಗವು ಇರುವಾಗಲೇ ಉಪವರ್ಗವು ಅದರ ವಿಧಾನವನ್ನು ಬಳಸುವುದರಿಂದ ಮಿತಾಕ್ಷರವೇ ಇಲ್ಲಿ ಹತ್ತಿರವೆನ್ನಬಹುದು. ಆದರೆ ಸಾಮ್ಯವು ಅಲ್ಲಿಗೇ ನಿಲ್ಲುವುದು. ಇನ್ನೊಬ್ಬ ಮಗನು ಹುಟ್ಟಿದರೆ ಅಣ್ಣಂದಿರ ಪಾಲು ಕುಗ್ಗುವುದು. ಹತ್ತು ಉಪವರ್ಗಗಳು ಹುಟ್ಟಿದರೂ ವಿಧಾನವು ಕುಗ್ಗದು. ಅದು ಪಾಲಾಗುವ ದ್ರವ್ಯವಲ್ಲ, ಒಂದೆಡೆ ನಿಂತು ಎಲ್ಲರಿಗೂ ಸಲ್ಲುವ ವಿಧಿ.

ಸರಿಯಾದ ದೃಷ್ಟಾಂತವು ಮಿತಾಕ್ಷರವು ಹೇಳುವ ದಾಯದಲ್ಲಿಲ್ಲ, ಆ ಗ್ರಂಥದ ಬಾಳಿನಲ್ಲಿಯೇ ಇದೆ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಕಾಲಾಂತರದಲ್ಲಿ ಅದು ತಾನೇ ಪ್ರಮಾಣವಾಯಿತು. ಆಂಗ್ಲರ ಕಾಲದ ನ್ಯಾಯಾಲಯಗಳು ಗುಜರಾತಿನಲ್ಲಿ ಅದಕ್ಕೂ ನೀಲಕಂಠನ ‘ವ್ಯವಹಾರಮಯೂಖ’ಕ್ಕೂ ಭೇದ ಬಂದೆಡೆ ಮಯೂಖವನ್ನು ಹಿಡಿದವು, ಮಯೂಖವು ಮೌನವಾಗಿರುವೆಡೆ ಮಿತಾಕ್ಷರಕ್ಕೆ ಮರಳಿದವು. ಗಣಕವು ಮಾಡುವುದೂ ಇದನ್ನೇ: ವಿಧಾನವನ್ನು ಮೊದಲು ಉಪವರ್ಗದಲ್ಲಿ ಅರಸಿ, ಕಾಣದಿದ್ದರೆ ಮೂಲವರ್ಗಕ್ಕೆ ಏರುವುದು.

ಇದು ಬರಿಯ ಪದಗಳ ಜಗಳವಲ್ಲ. ಮಗನು ತಂದೆಯ ಒಂದು ಪ್ರಭೇದವಲ್ಲ. ಉಪವರ್ಗವಾದರೋ ಮೂಲವರ್ಗದ ಪ್ರಭೇದವೇ ಆಗಿರಬೇಕು. ಇದನ್ನರಿಯದ ವಿದ್ಯಾರ್ಥಿಯು ವಿಸ್ತೀರ್ಣದ ಲೆಕ್ಕ ಬೇಕೆಂಬ ಒಂದೇ ಕಾರಣಕ್ಕೆ ‘ತೊಗರಿ’ಯನ್ನು ‘ಹೊಲ’ದ ಉಪವರ್ಗವಾಗಿಸುವನು. ನಾಳೆ ‘ಹೊಲ’ಕ್ಕೆ ಕಂದಾಯದ ವಿಧಾನವೊಂದು ಸೇರಿದರೆ ತೊಗರಿಯೂ ಕಂದಾಯ ಕಟ್ಟಬೇಕಾದೀತು! ತೊಗರಿಯು ಬೆಳೆಯ ಪ್ರಭೇದ. ಅದು ಹೊಲವನ್ನು ಆಶ್ರಯಿಸಿ ಅದರಿಂದ ಲೆಕ್ಕವನ್ನು ಕೇಳಿ ಪಡೆದರೆ ಸಾಕು. 1994ರ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದ ನಾಲ್ವರು ಕರ್ತೃಗಳು ವರ್ಗಗಳ ದಾಯಕ್ಕಿಂತ ವಸ್ತುಗಳ ಸಂಯೋಜನೆಯೇ ಲೇಸೆಂದುದು ಈ ಅರ್ಥದಲ್ಲಿಯೇ. ಈ ಕ್ರಮವನ್ನು ಮೊದಲು ರೂಪಿಸಿದ ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ತಮ್ಮ 1967ರ ‘ಸಿಮ್ಯುಲಾ’ ಭಾಷೆಯಲ್ಲಿ ಉಪವರ್ಗದ ಹಿಂದೆ ಮೂಲವರ್ಗದ ಹೆಸರನ್ನು ಪೂರ್ವಪದವಾಗಿ ಇರಿಸಿದರು. ಅವರಿಗೆ ತಂದೆಮಕ್ಕಳ ಮಾತು ಬೇಕಾಗಲಿಲ್ಲ.

ಒಂದೆಡೆ ಮಾತ್ರ ದಾಯದ ಮಾತು ಅಧ್ಯಾಪಕನಿಗೆ ಒದಗೀತು. ಇಬ್ಬರು ತಂದೆಯರಿಗೆ ಸಲ್ಲುವ ಮಗನನ್ನು, ದ್ವ್ಯಾಮುಷ್ಯಾಯಣನನ್ನು, ಧರ್ಮಶಾಸ್ತ್ರವು ಒಪ್ಪಿತ್ತು. ಸಿ ಪ್ಲಸ್ ಪ್ಲಸ್ ಭಾಷೆಯು ಎರಡು ಮೂಲವರ್ಗಗಳನ್ನು ಒಪ್ಪುವುದು, ಜಾವಾ ಒಪ್ಪದು. ಇಬ್ಬರೂ ಒಂದೇ ಹೆಸರಿನ ವಿಧಾನವನ್ನು ಕೊಟ್ಟರೆ ಯಾರದನ್ನು ಹಿಡಿಯಬೇಕೆಂಬ ತೊಡಕು ಅಲ್ಲಿ ಏಳುವುದು.