ಅಡ್ಮಿನ್‌ಗಿರಿ ಮತ್ತು ಅಯ್ಯಾವೊಳೆ

ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್‌ನ ಚಾಟ್‌ರೂಮುಗಳನ್ನು ಕಾಯುತ್ತಿದ್ದ ಸ್ವಯಂಸೇವಕರು ಕೂಲಿ ಕೇಳಿ 1999ರಲ್ಲಿ ಕೋರ್ಟಿಗೆ ಹೋದರು. 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಲಾಭದ ಕಂಪನಿ ಪುಕ್ಕಟೆ ದುಡಿಸಿಕೊಂಡರೆ ಹೀಗೇ ಆಗುವುದು, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ವಾದ ಇರುವುದು ಕಂಪನಿಯ ಕೈಯೇ ಇಲ್ಲದ ಕಡೆ. ಆಟಗಾರರು ಹರಟುವ ಡಿಸ್ಕಾರ್ಡ್ ಸರ್ವರಿನಲ್ಲಿ, ಬಿಜಿಎಂಐ ಎಂಬ ಮೊಬೈಲ್ ಆಟದ ಕ್ಲ್ಯಾನಿನಲ್ಲಿ, ಹೀಗೆಯೇ ಕಾಯುವ ಸಂಬಳವಿಲ್ಲದ ಮಾಡರೇಟರುಗಳನ್ನು ಸಂಬಳವಿಲ್ಲದ ಅಡ್ಮಿನ್ ನಡೆಸುವುದು ಹೇಗೆ?

ಚಾಲ್ತಿಯಲ್ಲಿರುವ ಉತ್ತರ ಬಿರುದು: ಹೆಸರಿಗೊಂದು ಬಣ್ಣ, ಮುಂದೊಂದು ‘ಸೀನಿಯರ್’. ತೀರ್ಮಾನಗಳೆಲ್ಲ ನಾಲ್ವರ ವಾಯ್ಸ್ ಕಾಲಿನಲ್ಲಿ. ಈ ವಾಯ್ಸ್ ಕಾಲ್ ಪಂಥದೊಂದಿಗೆ ನನ್ನ ಜಗಳ ಹಳೆಯದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ಎಂಟನೇ ಶತಮಾನದಲ್ಲಿ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು. ಅದಕ್ಕೆ ತೂಕ ಬಂದದ್ದು ಹಿಂದೆ ರಾಣಿ ಲೋಕಮಹಾದೇವಿಯ ಅರಮನೆ ಇದ್ದದ್ದರಿಂದ. ನಮ್ಮ ಅಡ್ಮಿನ್ ಹಿಂದೆ ಏನಿದೆ? ಮುನಿಸಿಕೊಂಡ ಮಾಡರೇಟರ್ ನಾಳೆ ಲಾಗಿನ್ ಆಗದಿದ್ದರೆ ಕೇಳುವ ಹಕ್ಕೂ ಅಡ್ಮಿನ್‌ಗಿಲ್ಲ. ಮಾದರಿ ಬೇಕಿದ್ದರೆ ಮಲಪ್ರಭೆಯ ಗುಂಟ ಇನ್ನಷ್ಟು ಕೆಳಗೆ, ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಬೇಕು. ಆ ಊರಿನ ಹಳೆಯ ಹೆಸರನ್ನೇ ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ಯಾವ ಒಬ್ಬ ರಾಜನ ಇಲಾಖೆಯೂ ಆಗಿರಲಿಲ್ಲ. ಆದರೂ ಅದರ ಹೆಸರು ತಮಿಳುನಾಡು, ಶ್ರೀಲಂಕಾಗಳನ್ನು ದಾಟಿ 1088ರ ಸುಮಾತ್ರದ ತಮಿಳು ಶಾಸನದವರೆಗೆ ಹೋಯಿತು. ಅಷ್ಟು ದೂರ ಹರಡಿದವರು ಒಬ್ಬರ ಮುಖ ಒಬ್ಬರು ಕಂಡಿರಲಾರರು. ಈ ಮಟ್ಟಿಗೆ ಅವರೂ ಇಂದಿನ ಆಟಗಾರರಂತೆಯೇ. ಹೋದಲ್ಲೆಲ್ಲ ಅವರು ತಮ್ಮ ಹೊಗಳಿಕೆಯ ಪ್ರಶಸ್ತಿಯನ್ನೂ ತಮ್ಮ ಕಟ್ಟಳೆಯಾದ ವೀರಬಣಂಜು ಧರ್ಮದ ಹೆಸರನ್ನೂ ಒಪ್ಪಿಕೊಂಡ ದಾನ-ಸುಂಕಗಳನ್ನೂ ಕಲ್ಲಿಗೆ ಹಾಕಿಸಿದರು. ಸಂಘವನ್ನು ಕಟ್ಟಿಹಿಡಿದದ್ದರಲ್ಲಿ ಈ ಬರವಣಿಗೆಗೆ ದೊಡ್ಡ ಪಾಲಿದೆ ಎಂಬುದು ನನ್ನ ಎಣಿಕೆ. ನಮ್ಮ ಅಡ್ಮಿನ್ ಕೂಡ ಬಿರುದು ಹಂಚುವ ಬದಲು ತೀರ್ಮಾನಗಳನ್ನು ಬರೆದಿಡಬೇಕು.

ಆ ವರ್ತಕರು ಲಾಭಕ್ಕೆ ಕೂಡಿದವರು, ಮಾಡರೇಟರಿಗೆ ಯಾವ ಲಾಭ ಎನ್ನಬಹುದು. ಸರಿಯೇ. ಆದರೆ ಲಾಭ ಜನರನ್ನು ಕೂಡಿಸೀತೇ ಹೊರತು, ಇಲ್ಲಿ ಆದ ತೀರ್ಮಾನವನ್ನು ದೂರದಲ್ಲಿರುವವನಿಗೆ ಮುಟ್ಟಿಸದು; ಅದಕ್ಕೆ ಬರಹವೇ ಬೇಕು. ಶಿಕ್ಷೆಯ ಕಾರಣ ಬರೆದಿಟ್ಟರೆ ಮೋಸಗಾರರು ಅದರಿಂದಲೇ ಕಲಿಯುತ್ತಾರೆ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಇದಕ್ಕೆ ಉತ್ತರವಾಗಿ, 2010ರಲ್ಲಿ ಫ್ರಾನ್ಸಿನ ತಿಬೋ ದ್ಯುಪ್ಲೆಸಿ ಶುರುಮಾಡಿದ ಲಿಚೆಸ್ ನೋಡಿ. ಸ್ವಯಂಸೇವಕರೇ ಹೆಚ್ಚಾಗಿ ಕಾಯುವ ಆ ಚೆಸ್ ತಾಣ, ಕಳ್ಳಾಟ ಹಿಡಿಯುವ ಉಪಾಯವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ನಿಯಮ ಎಲ್ಲರಿಗೂ ತೆರೆದಿದೆ, ಶಿಕ್ಷೆಗೊಳಗಾದವನಿಗೆ ಮೇಲ್ಮನವಿಯ ದಾರಿಯೂ ಇದೆ. ಗುಟ್ಟಾಗಿರಬೇಕಾದದ್ದು ಬಲೆ, ಕಟ್ಟಳೆಯಲ್ಲ. ವಾಯ್ಸ್ ಕಾಲ್ ಪಂಥ ಎರಡನ್ನೂ ಒಟ್ಟಿಗೆ ಮುಚ್ಚಿಡುತ್ತದೆ. ಹಗಲು ನೌಕರಿ ಮುಗಿಸಿ ರಾತ್ರಿ ಪಾಳಿಗೆ ಬಂದ ಮಾಡರೇಟರ್, ತನ್ನದೇ ತಂಡ ಒಬ್ಬನನ್ನು ಹೊರಹಾಕಿದ ಸುದ್ದಿಯನ್ನು ಹೊರಬಿದ್ದವನ ಬೈಗುಳದಿಂದ ತಿಳಿಯುತ್ತಾನೆ. ಯಾರನ್ನು, ಯಾವ ನಿಯಮದಡಿ, ಎಷ್ಟು ದಿನಕ್ಕೆ ಎಂದು ಒಂದು ಸಾಲು ಬರೆದಿಡಲು ವಾಯ್ಸ್ ಕಾಲಿಗೆ ಕೂತ ನಾಲ್ವರಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ.