ಅಂಗಾಲು ಕಾಣದ ಐದು ಅಕ್ಷರಗಳು

ಅಸಿಮೆತ್ರಿಯಾ, ಬೋರ್ದೆ, ಕೊಲೋರ್, ದಿಯಾಮೆತ್ರೊ, ಎವೊಲುಸಿಯೋನ್. ಅಂದರೆ ಎರಡು ಅರ್ಧಗಳ ಅಸಮತೆ, ಅಂಚು, ಬಣ್ಣ, ಅಗಲ, ಬದಲಾವಣೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಗುರುತಿಸುವ ಪ್ರಸಿದ್ಧ 'ಎ-ಬಿ-ಸಿ-ಡಿ-ಇ' ಸೂತ್ರ ಅಮೆರಿಕದ ಹಿಸ್ಪಾನಿಕ್ ಜನರಿಗಾಗಿ ಸ್ಪ್ಯಾನಿಷ್‌ಗೆ ಬಂದಾಗ ಒಂದಕ್ಷರವೂ ಅಲುಗಲಿಲ್ಲ. ಅನುವಾದ ಇಷ್ಟು ಸಲೀಸಾದದ್ದೇ ಕೇಡಾಯಿತು. ಮಾತು ಹೊಂದಿತು, ಮೈಗೆ ಹೊಂದೀತೇ ಎಂದು ಕೇಳುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

1985ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರು ಕೊಟ್ಟದ್ದು ನಾಲ್ಕು ಅಕ್ಷರ. ಐದನೆಯದು ಸೇರಿದ್ದು 2004ರಲ್ಲಿ. ಬಿಳಿ ಬೆನ್ನಿನ ಮೇಲಿನ ಮಚ್ಚೆಗೆ ಈ ಸೂತ್ರ ಒಳ್ಳೆಯ ಅಳತೆಗೋಲೇ. ಆದರೆ ಕಂದು ಮೈಯವರಲ್ಲಿ ಮೆಲನೋಮ ಅಂಗಾಲು, ಅಂಗೈ, ಉಗುರಿನಡಿ ಕಾಣಿಸಿಕೊಳ್ಳುವ ಪಾಲು ಹೆಚ್ಚು. ಉಗುರಿನ ಉದ್ದಕ್ಕೂ ಇಳಿದ ಕಪ್ಪು ಗೆರೆಯಲ್ಲಿ ಯಾವ ಅರ್ಧವನ್ನು ಯಾವುದಕ್ಕೆ ಹೋಲಿಸುವುದು? ಅಗಲ 6 ಮಿಲಿಮೀಟರ್ ದಾಟಬೇಕಂತೆ. ಕಾಲಿನ ಕಿರುಬೆರಳಿನ ಉಗುರೇ ಕೆಲವರಲ್ಲಿ ಅಷ್ಟಗಲ ಇರದು. ಅಂಗಾಲಿನ ಗಂಟು ಕೆಲವೊಮ್ಮೆ ಬಣ್ಣವೇ ಇಲ್ಲದೆ ಆಣಿಯ ಹಾಗೆ, ಮಾಯದ ಗಾಯದ ಹಾಗೆ ಕೂತಿರುತ್ತದೆ. ಬಣ್ಣದ ಅಕ್ಷರ ಅಲ್ಲಿಗೆ ಸತ್ತಂತೆ. ಜಮೈಕದ ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿ ಹುಟ್ಟಿದ ಮೆಲನೋಮದಿಂದಲೇ. ಐದರಲ್ಲಿ ಕೊನೆಯ ಅಕ್ಷರವೇ, ಅಂದರೆ ಬದಲಾವಣೆ, ಇಂಥ ಕಡೆ ಹೆಚ್ಚಾಗಿ ಕೈಹಿಡಿಯುವುದು. ಅಂಗಾಲಿನ ಮೆಲನೋಮಕ್ಕೆ ಬಿಸಿಲೇ ಮುಖ್ಯ ಕಾರಣವೆನ್ನಲೂ ಆಗದು. ಹಾಗಾಗಿ ಸನ್‌ಸ್ಕ್ರೀನ್ ಉಪದೇಶ ಅಲ್ಲಿಗೆ ಮುಟ್ಟುವುದೂ ಇಲ್ಲ.

ಹಿಸ್ಪಾನಿಕ್ ಜನರಿಗೆ ಈ ರೋಗದ ಅರಿವಿಲ್ಲ, ಅಸಡ್ಡೆ ಎಂದು ಬರೆಯುವ ಸಂಶೋಧಕರೊಡನೆ ನನ್ನ ಜಗಳ ಇಲ್ಲಿಂದಲೇ. ಸನ್‌ಸ್ಕ್ರೀನ್ ಹಚ್ಚುತ್ತೀರಾ ಎಂಬ ಪ್ರಶ್ನೆಗೆ ಬಂದ ಉತ್ತರಕ್ಕೆ ಅವರು ಕೊಡುವ ತೂಕ ವಿಪರೀತ. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ತುಂಬುತೋಳು ತೊಟ್ಟು, ಮುಖಕ್ಕೆ ಬಟ್ಟೆ ಸುತ್ತಿ, ಮೇಲೆ ಟೋಪಿಯಿಟ್ಟು ಬಾಗಿದ ಹೆಂಗಸು ಬಿಸಿಲನ್ನು ಅರಿಯದವಳೇ? ಇಂಗ್ಲಿಷಿಗೆ, ಅಮೆರಿಕದ ರೂಢಿಗೆ ಹೊರಳಿದವರಲ್ಲೇ ಬೇಕೆಂದು ಬಿಸಿಲಿಗೆ ಮೈಯೊಡ್ಡುವ ಅಭ್ಯಾಸ ಹೆಚ್ಚೆಂದು ಅಧ್ಯಯನಗಳೇ ಹೇಳಿವೆ. ಕಂದು ಮೈಗೆ ಈ ರೋಗ ಬರದೆಂಬ ನಂಬಿಕೆ ಆ ಸಮುದಾಯದಲ್ಲಿರುವುದು ನಿಜ, ಅದು ಅಪಾಯಕಾರಿಯೂ ಹೌದು. ಆದರೆ ಬಿಳಿ ಚರ್ಮದ ಚಿತ್ರಗಳನ್ನೇ ಹಂಚಿದ ಪ್ರಚಾರ ಆ ನಂಬಿಕೆಗೆ ನೀರೆರೆದಿದೆ. ಬಿಳಿಯರಿಗಿಂತ ಇವರಲ್ಲಿ ಮೆಲನೋಮ ಬಹಳ ಕಡಿಮೆ. ಬಂದಾಗ ಮಾತ್ರ ಪತ್ತೆಯಾಗುವುದು ತಡವಾಗಿ.

ಹಿಸ್ಪಾನಿಕ್ ಓಣಿಗಳ ಆಸ್ಪತ್ರೆ ಗೋಡೆಗೆ ಈ ಐದಕ್ಷರ ಅಂಟಿಸುವವರು, ಅದಕ್ಕಿಂತ ಮೇಲೆ, ಕಂದು ಪಾದವೊಂದರ ಅಂಗಾಲನ್ನೂ ಕಪ್ಪು ಗೆರೆಯಿಳಿದ ಹೆಬ್ಬೆರಳ ಉಗುರನ್ನೂ ದೊಡ್ಡದಾಗಿ ಅಚ್ಚು ಹಾಕಿಸಲಿ.